ಬಾರ್ನಬಿ ಆಡದ ಮಾತು

"ಲೇ ಗ್ರಿಸೆಲ್, ತುಳಿಯೋದು ಬಿಟ್ಟು ಗೋಡೆ ಹಿಡ್ಕೊಂಡು ನಿಂತಿದ್ದೀಯಲ್ಲೇ, ಮುಂಡೇದೇ! ಆ ತೊಗಲು ಒಣಗಿ ಕಟ್ಟಿಗೆ ಆದ್ರೆ ನಿನ್ನ ಬೆನ್ನಿನ ಚರ್ಮ ಸುಲಿದು ಮಸಿ ಬಳೀಬೇಕೇನೇ?"

"ಅದ್ನ ಮೊನ್ನೇನೇ ಸುಲ್ದವ್ರಲ್ಲ ದಣೀ, ಬಂಡಿ ಹಿಂದೆ ಕಟ್ಟಿ."

ಮಾತಿಗೆ ಸೋತಾಗಲೆಲ್ಲ ಅಚ್ಚಿನಮನೆಯ ದಣಿ ಟರ್ವಿಲ್ ದೇವರನ್ನು ಕರೆಯುತ್ತಿದ್ದ. "ಕರ್ತನೇ, ಈ ಹೆಂಗಸಿನ ನಾಲಿಗೆಗೆ ಒಂದು ಅಂಕೆ ಕೊಡಪ್ಪ" ಎಂದು ತಲೆಯ ಮೇಲಿನ ತೊಲೆಗೆ ಹೇಳಿ, ಮತ್ತೆ ಅಚ್ಚಿನ ಅಕ್ಷರದ ಮೊಳೆ ಜೋಡಿಸಲು ಬಗ್ಗಿದ.

ಗ್ರಿಸೆಲ್ ತುಳಿಯತೊಡಗಿದಳು. ತೊಟ್ಟಿಯಲ್ಲಿ ಮೀನಖಂಡದವರೆಗೆ ಹಳಸಿದ ಉಚ್ಚೆ. ಅಚ್ಚಿನ ಮೊಳೆಗೆ ಮಸಿ ತಟ್ಟುವ ಉಂಡೆಗಳಿಗೆ ಸುತ್ತುವ ತೊಗಲನ್ನು ಅದರಲ್ಲಿ ನೆನೆಹಾಕಿ ತುಳಿದರೆ ಮಾತ್ರ ಮೆತ್ತಗಾಗಿ ಮಸಿ ಹಿಡಿಯುತ್ತದೆ. ಸೂಜಿಗಾರರ ಓಣಿಯ ಮನೆಮನೆಯಿಂದ ಅದನ್ನು ಹೊತ್ತು ತರುವವಳೂ ಅವಳೇ, ತುಳಿಯುವವಳೂ ಅವಳೇ. ದೇವರ ಅಪ್ಪಟ ಮಾತು ಲಂಡನ್ನಿನ ಮನೆಗಳಿಗೆ ಹೋಗುತ್ತಿದ್ದುದು ಹೀಗೆ, ಓಣಿಯ ಉಚ್ಚೆಯಲ್ಲಿ ಮಿಂದು. ಬೆಳ್ಳಿ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದುವವರಿಗೆ ಅದರ ನಾತ ಬಡಿಯುತ್ತಿರಲಿಲ್ಲ.

ಅದು ಮೇಣದಬತ್ತಿ ಮಾಡುವವನ ಅಂಗಡಿಯ ಕೆಳಗಿನ ನೆಲಮಾಳಿಗೆ. ಮೇಲೆ ಕೊಬ್ಬು ಕಾಯಿಸುವ ವಾಸನೆ ಕೆಳಗಿನ ಮಸಿಯ ವಾಸನೆಯನ್ನು ಮುಚ್ಚುತ್ತಿತ್ತು. ಬಿಷಪ್ಪರ ಅಪ್ಪಣೆಯಿಲ್ಲದೆ ನಡೆಯುವ ಅಚ್ಚಿನಮನೆಗೆ ಕಿಟಕಿ ಇರಬಾರದು, ಸದ್ದೂ ಇರಬಾರದು. ಯಂತ್ರದ ಕಾಲಡಿಗೆ ಉಣ್ಣೆಯ ಮೂಟೆ ಹಾಸಿದ್ದರು. ಕೆಮ್ಮು ಬಂದರೆ ಬಟ್ಟೆಯನ್ನು ಬಾಯಿಗೆ ತುರುಕಿಕೊಳ್ಳಬೇಕು. ಅಚ್ಚೊತ್ತಲು ಯಂತ್ರದ ಸನ್ನೆಗೋಲು ಎಳೆಯುತ್ತಿದ್ದವನು ಅವಳ ಗಂಡ ಬಾರ್ನಬಿ. ಈಗ ಅವನು ಜೈಲಿನಲ್ಲಿದ್ದ.

ಸಿಕ್ಕಿಬಿದ್ದದ್ದು ಮೀನುಪೇಟೆಯಲ್ಲಿ. ಬಿಷಪ್ಪರನ್ನು ಬೈದ ಕರಪತ್ರಗಳನ್ನು ಗ್ರಿಸೆಲ್ ಲಂಗದೊಳಗೆ ಕಟ್ಟಿಕೊಂಡು ಮಾರುತ್ತಿದ್ದಳು. ಬಿಷಪ್ಪರ ಶೋಧದವರು ಅವಳ ಲಂಗಕ್ಕೆ ಕೈ ಹಾಕಿದಾಗ ಬಾರ್ನಬಿಗೆ ತಡೆಯಲಾಗಲಿಲ್ಲ. "ಅವು ನನ್ನವು ಕಣ್ರೋ, ಅವಳನ್ನ ಮುಟ್ಬೇಡಿ" ಎಂದು ಓಡಿಬಂದು ಬಿಟ್ಟ. ಇಬ್ಬರನ್ನೂ ಎಳೆದೊಯ್ದರು. ಅಚ್ಚು ಹಾಕಿದವನ ಹೆಸರು ಹೇಳು ಎಂದು ಅಧಿಕಾರಿ ಕೇಳಿದ. ದಾರೀಲಿ ಬಿದ್ದಿತ್ತು ಎಂದಳು ಗ್ರಿಸೆಲ್. ಅರ್ಧ ಮೈ ಬಿಚ್ಚಿಸಿ, ಬಂಡಿಯ ಹಿಂಭಾಗಕ್ಕೆ ಕೈ ಕಟ್ಟಿ, ಪೇಟೆಯುದ್ದಕ್ಕೂ ಚಾಟಿಯಲ್ಲಿ ಹೊಡೆದು ಅವಳನ್ನು ಬಿಟ್ಟುಬಿಟ್ಟರು, ತನ್ನವು ಎಂದ ಬಾರ್ನಬಿಯನ್ನು ಒಳಗೆ ಹಾಕಿದರು. ಅವಳು ಬಾಯಿ ಬಿಡದೆ ಇದ್ದದ್ದು ಧರ್ಮಕ್ಕಾಗಿ ಅಲ್ಲ. ಟರ್ವಿಲ್ ದಣಿಗೆ ದೊಡ್ಡವರ ಗುರುತಿದೆ, ಅವನೊಬ್ಬ ಹೊರಗಿದ್ದರೆ ಬಾರ್ನಬಿಯನ್ನು ಬಿಡಿಸಿಕೊಂಡು ಬರುತ್ತಾನೆ ಎಂಬ ನಂಬಿಕೆಯಿಂದ.

ನಿನ್ನೆ ಜೈಲಿನ ಬಾಗಿಲಿಗೆ ರೊಟ್ಟಿ ತೆಗೆದುಕೊಂಡು ಹೋಗಿದ್ದಳು. ಕಾವಲಿನ ಕ್ರಂಪ್ ರೊಟ್ಟಿಯ ಅರ್ಧ ಮುರಿದು ತನ್ನ ಬಾಯಿಗೆ ಹಾಕಿಕೊಂಡ.

"ನಿನ್ ಗಂಡಂಗೆ ಜ್ವರ ಸುರುವಾಗೈತೆ ಕಣಮ್ಮಿ. ಈ ಜ್ವರ ಬಂದೋರು ಇಲ್ಲಿಂದ ನಡ್ಕಂಡು ವೋಗಿದ್ದ ನಾ ಕಂಡಿಲ್ಲ."

"ಏನಾರ ದಾರಿ ಯೋಳಣ್ಣ."

"ಕೂಲಿ ಮಾಡೋರ್ನ ಇಟ್ಕಂಡು ಅವ್ರೇನ್ ಮಾಡ್ತಾರೆ? ತಪ್ಪಾಯ್ತು, ನಂಗೇನೂ ತಿಳೀದು, ವೊಟ್ಟೆಪಾಡಿಗೆ ಮಾಡ್ದೆ ಅಂತ ಒಂದರ್ಜಿ ಬರ್ಸ್ಕಂಡ್ ಬಾ. ನಾಳೆ ಸಂಜೆ ಅಧಿಕಾರಿ ಬತ್ತಾನೆ. ಇಂಥೋರ್ನ ಬುಟ್ಟವ್ನೆ, ನಾನೇ ನೋಡಿವ್ನಿ. ನಾಳೆ ತಪ್ಪಿದ್ರೆ ಇನ್ ಮುಂದಿನ ತಿಂಗ್ಳು. ಅಷ್ಟೊತ್ಗೆ ನೀನು ಹೆಣಕ್ಕೆ ಬಟ್ಟೆ ತಾ, ಅರ್ಜಿ ಬ್ಯಾಡ."

ಬೀದಿಯಲ್ಲಿ ಅರ್ಜಿ ಬರೆಯುವವರು ಅವಳ ಮುಖ ಕಂಡೊಡನೆ ಮಸಿಕುಡಿಕೆಗೆ ಮುಚ್ಚಳ ಹಾಕಿಕೊಂಡರು. ಮೊನ್ನೆ ಬಂಡಿಯ ಹಿಂದೆ ನಡೆದವಳನ್ನು ಪೇಟೆಯೆಲ್ಲ ಕಂಡಿತ್ತು. ಅವಳಿಗಾಗಲಿ ಬಾರ್ನಬಿಗಾಗಲಿ ಒಂದಕ್ಷರ ಬಾರದು. ಹಗಲೆಲ್ಲ ಅಕ್ಷರಗಳಿಗೆ ಮಸಿ ಬಳಿದು ಬದುಕುವವರ ಹಣೆಬರಹ ಅದು. ಉಳಿದವನು ಒಬ್ಬನೇ, ಲೆವರೆಟ್ ಬೋಧಕ. ಕರಪತ್ರಗಳನ್ನೆಲ್ಲ ಬರೆಯುವವನು ಅವನು.

ಅಧಿಕಾರಿ ಜೈಲಿಗೆ ಬರಬೇಕಾಗಿದ್ದ ಈ ದಿನ ಬೋಧಕ ಮಧ್ಯಾಹ್ನಕ್ಕೆ ಮುಂಚೆಯೇ ನೆಲಮಾಳಿಗೆಗೆ ಬಂದ. ಮೆಟ್ಟಿಲಿಳಿಯುವಾಗಲೇ ಮೂಗಿಗೆ ಕರವಸ್ತ್ರ.

"ಸಹೋದರಿ ಗ್ರಿಸೆಲ್, ಕ್ರಿಸ್ತನ ಗಾಯಗಳಲ್ಲಿ ನೀನು ಪಾಲುದಾರಳಾದೆ. ಸ್ವಲ್ಪ ದೂರ ನಿಲ್ಲು."

ಅವಳು ತೊಟ್ಟಿಯಿಂದಿಳಿದು ಕಾಲೊರೆಸಿಕೊಂಡಳು. "ಸ್ವಾಮೀ, ಒಂದರ್ಜಿ ಬರ್ಕೊಡಿ. ನಿಮ್ ಕಾಲಿಗ್ ಬೀಳ್ತೀನಿ. ತಪ್ಪಾಯ್ತು ಅಂತ ನಾಕ್ ಸಾಲು. ನನ್ ಗಂಡ ಸಾಯ್ತಾವ್ನೆ."

"ತಪ್ಪಾಯಿತು ಎಂದೇ? ಬಿಷಪ್ಪರ ಮುಂದೆ?" ಅವನ ಹುಬ್ಬು ಮೇಲೇರಿತು. "ಸತ್ಯಕ್ಕೆ ಸಾಕ್ಷಿಯಾದವನು ಸತ್ಯವನ್ನೇ ಅಲ್ಲಗಳೆಯಬೇಕೇ? ನನ್ನ ಲೇಖನಿ ಅಂಥದ್ದನ್ನು ಬರೆಯಲಾರದು. ನಿನ್ನ ಗಂಡನಿಗೆ ನಾನು ಇನ್ನೂ ದೊಡ್ಡದನ್ನು ಬರೆದಿದ್ದೇನೆ. ಟರ್ವಿಲ್, ಆ ಹಾಳೆ ತೋರಿಸು."

ಹಗ್ಗಗಳ ಮೇಲೆ ಹಾಳೆಗಳು ಒಣಗುತ್ತಿದ್ದವು. ಒಂದು ಮೈ ಅಚ್ಚಾಗಿತ್ತು, ಇನ್ನೊಂದು ಮೈ ಬಾಕಿ ಇತ್ತು. ದಣಿ ಒಂದನ್ನು ತೆಗೆದು ಅವಳ ಮುಂದೆ ಹಿಡಿದ. ಮೇಲ್ಗಡೆ ಒಂದು ಹೆಂಗಸಿನ ಚಿತ್ರ, ಕೈ ಕಟ್ಟಿದೆ, ಬಾಯಿ ತೆರೆದಿದೆ.

"ಇದು ಯಾರು?"

"ನೀನೇ" ಎಂದ ದಣಿ.

"ಇವ್ಳು ಆ ಮಾಟಗಾತಿ ಅಲ್ವಾ ದಣೀ? ವೋದ್ ವರ್ಸ ನೇಣಿಗಾಕಿದ್ರಲ್ಲ, ಆಗ ನಾನೇ ಇವ್ಳಿಗೆ ಮಸಿ ಬಳ್ದಿವ್ನಿ. ಕಾಲತ್ರ ಒಂದು ಬೆಕ್ಕಿತ್ತು."

"ಬೆಕ್ಕನ್ನ ಕೆತ್ತಿ ತೆಗೆಸಿದೀನಿ. ಹೊಸ ಮರದಚ್ಚು ಮಾಡಿಸೋಕೆ ಪುರುಸೊತ್ತೆಲ್ಲಿ?"

ಬೆಕ್ಕಿನ ಬಾಲ ಇನ್ನೂ ಹಾಗೆಯೇ ಇತ್ತು.

ಬೋಧಕ ಓದಿದ. ಅವನದು ಒಳ್ಳೆಯ ಕಂಠ. ಬಂಡಿಯ ಹಿಂದೆ ನಡೆಯುತ್ತ ಗ್ರಿಸೆಲ್ ಎಂಬ ಸಾಧ್ವಿ ಕೀರ್ತನೆ ಹಾಡಿದಳಂತೆ. ಹೊಡೆಯುವವನ ಕೈಗೆ ಮುತ್ತಿಟ್ಟು ಕ್ಷಮಿಸಿದಳಂತೆ. ಚಾಟಿಯ ಪೆಟ್ಟುಗಳು ಗುಲಾಬಿ ಹೂವಿನ ಹಾಗಿದ್ದವಂತೆ. ಗ್ರಿಸೆಲ್ ಕೇಳುತ್ತ ನಿಂತಳು. ಆ ದಿನ ಅವಳು ಹೊಡೆಯುವವನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದಳು, ಅವನ ಅವ್ವನನ್ನೂ ಬಿಟ್ಟಿರಲಿಲ್ಲ. ಮೂರನೆಯ ತಿರುವಿನಲ್ಲಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು.

"ನನ್ ವಿಚಾರ ಏನಾರ ಬರ್ಕಳಿ" ಎಂದಳು. "ಬಾರ್ನಬೀದು?"

"ಅದು ಇನ್ನೊಂದು ಮೈಯಲ್ಲಿ." ಬೋಧಕ ಕೈಬರಹದ ಹಾಳೆ ತಿರುವಿದ. "'ಸೆರೆಮನೆಯ ಬಾಗಿಲು ತೆರೆದಿಟ್ಟರೂ ನಾನು ಹೊರಬರಲಾರೆ, ಎಂದನು ಬಾರ್ನಬಿ. ಬಿಷಪ್ಪರು ಸೈತಾನನ ಸಂತಾನ. ಅವರ ಕರುಣೆಯನ್ನು ಬೇಡುವ ಮೊದಲು ಈ ನಾಲಿಗೆ ಕೊಳೆತು ಬೀಳಲಿ.'"

ಈ ಹಾಳೆ ಸಂಜೆ ಪೇಟೆಗೆ ಹೋದರೆ ಮೊದಲು ಕೊಳ್ಳುವವರೇ ಅಧಿಕಾರಿಯ ಕಡೆಯವರು. ಅರ್ಜಿ ಕೊಟ್ಟರೂ ಯಾರು ನಂಬುತ್ತಾರೆ?

"ಅವ್ನು ಇಂಗ್ ಯೋಳಿಲ್ಲ ಸ್ವಾಮೀ. ಅವ್ನು ಮಾತಾಡೋದೇ ಕಮ್ಮಿ. ಅದೊಂದ್ ಬುಟ್ಬುಡಿ."

"ಜನ ಅತ್ತಾರು, ಸಹೋದರಿ. ಊರೂರೇ ಏಳಬಹುದು."

"ದಣೀ, ನೀವಾರ ಯೋಳಿ. ಬುಡಿಸ್ಕೊಂಡ್ ಬತ್ತೀನಿ ಅಂದಿದ್ರಿ."

ಟರ್ವಿಲ್ ಕಣ್ಣು ತಪ್ಪಿಸಿದ. "ನೋಡು, ಅವನು ಒಳಗಿದ್ರೇನೇ ನಮ್ಮ ಕೆಲಸಕ್ಕೆ ಒಂದು ಬಲ. ಹೊರಗೆ ಬಂದ್ರೆ ಅವನು ಬರೀ ಸನ್ನೆ ಎಳೆಯೋ ಬಾರ್ನಬಿ ಕಣೇ. ಸಾಕು ಮಾತು, ಮಸಿ ಹಚ್ಚು. ಸಂಜೆ ನೀನೇ ಮಾರಬೇಕು. ಜನ ನಿನ್ನ ಮುಖ ನೋಡಿದ್ರೆ ಎರಡೆರಡು ತಗೋತಾರೆ."

ಅಧಿಕಾರಿ ಬೆನ್ನಿಗೆ ಹೊಡೆದಿದ್ದ, ಇವರು ಹೊಟ್ಟೆಗೆ ಹೊಡೆಯುತ್ತಿದ್ದರು. ಆದರೂ ಎರಡು ಉಂಡೆ ಎತ್ತಿಕೊಂಡು ಮಸಿ ತಟ್ಟಿದಳು. ಕೈ ತನ್ನ ಕೆಲಸ ತಾನು ಮಾಡಿತು. ಯಂತ್ರದ ಹಾಸಿನ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಸಾವಿರಾರು ಮೊಳೆಗಳು ಬೆಣೆಗಳ ಬಿಗಿಯಲ್ಲಿ ತಿರುಗುಮುರುಗಾಗಿ ನಿಂತಿದ್ದವು. ಅವಳಿಗೆ ಎಲ್ಲ ಒಂದೇ.

"ಸ್ವಾಮೀ, ಇದ್ರಾಗೆ ಬಾರ್ನಬಿ ಯಾವ್ ಕಡೆ ಅವ್ನೆ?"

ಬೋಧಕನಿಗೆ ಸಂತೋಷವಾಯಿತು. ಹತ್ತಿರ ಬಂದು ಬೆರಳು ತೋರಿಸಿದ. "ಇಗೋ, ಇಲ್ಲಿಂದ ಇಲ್ಲಿಯವರೆಗೆ."

ಅವಳು ಉಂಡೆಗಳನ್ನು ಕೆಳಗಿಟ್ಟು ಕೊಡತಿ ತೆಗೆದುಕೊಂಡಳು. ಚೌಕಟ್ಟು ತೊಳೆಯುವಾಗ ಬೆಣೆ ಸಡಿಲಿಸುವುದು ಅವಳದೇ ಕೆಲಸ, ದಣಿ ತಿರುಗಿ ಕೂಡ ನೋಡಲಿಲ್ಲ. ಬೆಣೆಗಳು ಹಾರಿದವು. ಚೌಕಟ್ಟಿನ ಅಂಚಿಗೆ ಎರಡೂ ಕೈ ಕೊಟ್ಟು, ಬೆನ್ನಿನ ಗಾಯ ಬಿರಿದರೂ ಬಿಡದೆ, ಎತ್ತಿ ಮಗುಚಿದಳು.

ನೆಲಮಾಳಿಗೆಗೆ ಸಿಡಿಲು ಬಡಿದ ಹಾಗಾಯಿತು. ಸೀಸದ ಮೊಳೆಗಳು ಕಲ್ಲುನೆಲದ ಮೇಲೆ ಸುರಿದು, ಪುಟಿದು, ಮೂಲೆಮೂಲೆಗೆ ಹರಿದವು. ಕಬ್ಬಿಣದ ಚೌಕಟ್ಟು ಕೊನೆಗೆ ಬಿದ್ದು ಗಂಟೆಯಂತೆ ಮೊಳಗಿತು.

"ಅಯ್ಯೋ ಹಾದರಗಿತ್ತಿ!" ಟರ್ವಿಲ್ ಮಂಡಿಯೂರಿ ಎರಡೂ ಕೈಯಲ್ಲಿ ಮೊಳೆ ಬಾಚತೊಡಗಿದ. "ಹಗಲುರಾತ್ರಿಯ ಕೆಲಸ! ದೇವರ ಕೆಲಸ!"

"ಬಿಷಪ್ಪರ ಕೈಯಾಳು ನೀನು" ಎಂದ ಬೋಧಕ. ಈಗ ಮೂಗಿಗೆ ಕರವಸ್ತ್ರ ಇರಲಿಲ್ಲ. "ನಮ್ಮ ಸಭೆಯವರೆಲ್ಲರಿಗೂ ತಿಳಿಸುತ್ತೇನೆ. ಈ ಊರಿನಲ್ಲಿ ಒಬ್ಬರೂ ನಿನಗೆ ನೀರು ಕೊಡಬಾರದು."

ಆಗ ಬಾಗಿಲು ಬಡಿದ ಸದ್ದಾಯಿತು.

ಓಣಿಯ ಕಡೆಯ ಬಾಗಿಲು. ಇವರ ಕಡೆಯವರು ಯಾರೂ ಆ ಬಾಗಿಲು ಬಡಿಯುವುದಿಲ್ಲ, ಅಂಗಡಿಯ ಒಳಗಿಂದ ಬರುತ್ತಾರೆ. ಮೇಲೆ ಮೇಣದಬತ್ತಿಯವನ ಹೆಜ್ಜೆ ಸದ್ದೂ ನಿಂತುಹೋಗಿತ್ತು. ಮತ್ತೆ ಬಡಿದರು, ಈ ಸಲ ಕೋಲಿನಿಂದ.

ಅಗುಳಿಗೆ ಹತ್ತಿರ ನಿಂತಿದ್ದವಳು ಗ್ರಿಸೆಲ್. ಅವಳು ಹೋಗಿ ಅದರ ಮೇಲೆ ಕೈಯಿಟ್ಟಳು.

"ತೆಗೀಬೇಡ" ಟರ್ವಿಲ್ ನೆಲದಿಂದಲೇ ಪಿಸುಗುಟ್ಟಿದ. "ಗ್ರಿಸೆಲ್, ನಮ್ಮವ್ವ, ನಿನ್ನ ದಮ್ಮಯ್ಯ. ತೆಗೀಬೇಡ."

"ಸ್ವಾಮೀ, ಲೇಖನಿ ತಗಳಿ, ಇಲ್ಲಾಂದ್ರೆ ಬಾಗ್ಲು ತೆಗೀತೀನಿ" ಎಂದಳು ಅವಳು, ಪಿಸುದನಿಯಲ್ಲೇ.

"ನಿನಗೆ ಹುಚ್ಚೇ? ಶೋಧದವರು ಒಳಗೆ ಬಂದರೆ ನಿನ್ನನ್ನೂ ಬಿಡುವುದಿಲ್ಲ. ಎರಡನೆಯ ಸಲ ಸಿಕ್ಕರೆ ಕಿವಿ ಕತ್ತರಿಸುತ್ತಾರೆ."

"ಕತ್ರಿಸ್ಲಿ. ನಿಮ್ ಮಾತು ಕೇಳೋದಾರ ತಪ್ತದೆ. ಬರೀರಿ. ನಾನು ಬಾರ್ನಬಿ. ಓದು ಬರಹ ತಿಳೀದು. ಕೂಲಿಗೆ ಸನ್ನೆ ಎಳ್ದೆ. ತಪ್ಪಾಯ್ತು. ಎಂಡ್ತಿ ಅವ್ಳೆ, ಮನೀಗ್ ಕಳ್ಸಿ. ಅಷ್ಟೇ. ದೇವ್ರು ಗೀವ್ರು ಬ್ಯಾಡ."

ಕೋಲು ಮೂರನೆಯ ಸಲ ಬಾಗಿಲಿಗೆ ಬಿತ್ತು. ಅವಳು ಅಗುಳಿಯನ್ನು ಅರ್ಧ ಸರಿಸಿದಳು. ಲೆವರೆಟ್ ಬೋಧಕ ಮೊಳೆಗಳ ನಡುವೆ ಕುಸಿದು ಕುಳಿತು, ಅಚ್ಚಾಗದ ಖಾಲಿ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಂದು ಸಾಲಾಯಿತು, ಇನ್ನೊಂದಾಯಿತು.

"ಎಂಡ್ತಿ ಅವ್ಳೆ ಅಂತ ಬರುದ್ರಾ?"

"ಬರೆದೆ."

"ಮನೀಗ್ ಕಳ್ಸಿ ಅಂತ?"

"ಬರೆದೆ, ಬರೆದೆ."

ಗ್ರಿಸೆಲ್ ಹಾಳೆಯ ಕಡೆ ನೋಡಲಿಲ್ಲ. ನೋಡಿದರೂ ಅದು ಅವಳಿಗೆ ಏನೂ ಹೇಳುತ್ತಿರಲಿಲ್ಲ. ಅಗುಳಿಯ ಮೇಲಿನ ಕೈ ತೆಗೆಯದೆ, ಬರೆಯುತ್ತಿದ್ದವನ ಮುಖವನ್ನೇ ನೋಡುತ್ತ ನಿಂತಳು.