ಹತ್ತು ನಿಮಿಷ ಹಿಂದೆ

ನಾನು ಒಂದು ರೈಲ್ವೆ ಜೇಬುಗಡಿಯಾರ. ಬರೀ ಜೇಬುಗಡಿಯಾರ ಎಂದರೆ ನನಗೆ ಸಿಟ್ಟು ಬರುತ್ತದೆ. ಮದುವೆ ಮನೆಗಳಲ್ಲಿ ಸಾಹುಕಾರರ ಹೊಟ್ಟೆಯ ಮೇಲೆ ಸರಪಳಿ ಕಟ್ಟಿಕೊಂಡು ನೇತಾಡುವವರು ಬೇರೆ, ಗಾಡಿ ಬಿಡುವ ನಾವು ಬೇರೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಊರಿನ ಹೆಸರು ನನ್ನ ಬೆನ್ನ ಮೇಲಿತ್ತು. ಜೇಬಿನಲ್ಲಿ ಉಜ್ಜಿ ಉಜ್ಜಿ ಅಳಿಸಿಹೋಗಿದೆ, ಈಗ ನನಗೂ ನೆನಪಿಲ್ಲ. ನನ್ನನ್ನು ಮಾಡಿದವರು ಒಂದು ಕಟ್ಟುನಿಟ್ಟು ಇಟ್ಟಿದ್ದರು. ತಲೆಯ ಮೇಲಿನ ಗುಂಡಿ ತಿರುವಿದರೆ ಚಾವಿ ಬೀಳುತ್ತದೆ, ಅಷ್ಟೆ. ಮುಳ್ಳು ಅಲುಗುವುದಿಲ್ಲ. ಮುಳ್ಳು ತಿರುಗಬೇಕಾದರೆ ಮುಖದ ಗಾಜು ಬಿಚ್ಚಬೇಕು, ಒಂದರ ಅಂಕಿಯ ಪಕ್ಕ ಅಡಗಿರುವ ಸಣ್ಣ ಕಡ್ಡಿಯನ್ನು ಉಗುರಿನಿಂದ ಹೊರಗೆಳೆಯಬೇಕು, ಆಮೇಲೆ ಗುಂಡಿ ತಿರುವಬೇಕು. ಜೇಬಿನಲ್ಲಿ ಗುಂಡಿ ಎಲ್ಲಾದರೂ ಸಿಕ್ಕಿಕೊಂಡು ಟೈಮು ಬದಲಾದರೆ ಎರಡು ಗಾಡಿ ಎದುರುಬದುರಾದಾವು ಎಂಬ ಭಯ ಅವರಿಗೆ. ಈ ಕಡ್ಡಿಯನ್ನು ಮರೆಯಬೇಡಿ. ನನ್ನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಹಡಗಿನಲ್ಲಿ ಬಂದು ಕರ್ಜಿಕೊಪ್ಪ ಜಂಕ್ಷನ್ನಿನ ಪೆರೇರಾ ಎಂಬ ಗಾರ್ಡ್ ಸಾಹೇಬರ ಕೈ ಸೇರಿದೆ. ಅವರು ಇಪ್ಪತ್ತು ವರ್ಷ ನನ್ನನ್ನು ನೋಡಿಕೊಂಡು ನಿವೃತ್ತಿಯ ದಿನ ಹೊಸ ಗಾರ್ಡ್ ಫಕೀರಪ್ಪ ಮುಳಗುಂದರ ಕೈಗಿಟ್ಟರು. ಕಡ್ಡಿ ಎಳೆದು ತೋರಿಸಿ, "ಮನೆಯಾಗ ಯಾರ ಮುಂದೂ ಇದನ್ನ ತಗೀಬ್ಯಾಡ. ಮುಳ್ಳು ಮುಟ್ಟೂದು ಸ್ಟೇಷನ್ನಿನ್ಯಾಗ ಮಾತ್ರ" ಎಂದರು.

ಫಕೀರಪ್ಪ ಈ ಮಾತನ್ನು ವ್ರತದ ಹಾಗೆ ಪಾಲಿಸಿದ. ಚಾವಿ ಕೊಡುವುದೂ ಸ್ಟೇಷನ್ನಿನಲ್ಲೇ, ಟೈಮು ಕೂಡಿಸುವುದೂ ಸ್ಟೇಷನ್ನಿನ ಗೋಡೆ ಗಡಿಯಾರ ನೋಡಿಯೇ. ರಜೆಯ ದಿನವೂ ಅದಕ್ಕಾಗಿಯೇ ಒಂದು ಸಲ ಹೋಗಿಬರುತ್ತಿದ್ದ. ದಿನಾ ಬೆಳಿಗ್ಗೆ ಹತ್ತಕ್ಕೆ ತಂತಿಯಲ್ಲಿ ಸರಿಯಾದ ಟೈಮು ಬರುತ್ತಿತ್ತು, ಅದನ್ನು ನೋಡಿ ಗೋಡೆ ಗಡಿಯಾರವನ್ನು ಸರಿ ಮಾಡುವ ಪದ್ಧತಿ. ಗೋಡೆ ಹೇಳಿದ್ದೇ ಟೈಮು. ಅದರ ಮೇಲೆ ಅಪೀಲಿಲ್ಲ.

ಮನೆಯಲ್ಲಿ ನನಗೊಬ್ಬಳು ವೈರಿ ಇದ್ದಳು, ಅವನ ಹೆಂಡತಿ ನಿಂಬೆವ್ವ. ಅವಳದು ತಪ್ಪೇನಿಲ್ಲ ಬಿಡಿ. ಏಳೂವರೆ ಆಯಿತೆಂದು ನಾನು ತೋರಿಸಿದರೆ ಸಾಕು, ಫಕೀರಪ್ಪ ಎರಡನೆಯ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದ. ಬಿಸಿ ರೊಟ್ಟಿ ತಟ್ಟಿ ಹಂಚಿನ ಮೇಲೆ ಹಾಕಿದವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಇನ್ನೊಂದ ತಿಂದು ಹೋಗ್ರಿ."

"ಗಾಡಿ ನಿಂದರತೈತೇನ ನಿನ್ನ ರೊಟ್ಟಿ ಸಲುವಾಗಿ?"

ದಿನಾ ಇದೇ ಮಾತು, ದಿನಾ ಅರ್ಧ ರೊಟ್ಟಿ.

ಒಂದು ಬೆಳಿಗ್ಗೆ ಫಕೀರಪ್ಪ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ನಿಂಬೆವ್ವ ನನ್ನನ್ನು ಕೋಟಿನ ಜೇಬಿನಿಂದ ತೆಗೆದಳು. ಹತ್ತು ನಿಮಿಷ ಹಿಂದಕ್ಕೆ ತಿರುವಿದರೆ ಗಂಡ ಕೂತು ತಿಂದಾನು ಎಂಬ ಆಸೆ. ಮನೆಯ ಅಲಾರಾಂ ಗಡಿಯಾರಕ್ಕೆ ಬೆನ್ನ ಹಿಂದೆ ಕಿವಿ ಇದ್ದವು, ತಿರುವಿದರೆ ಮುಳ್ಳು ತಿರುಗುತ್ತಿತ್ತು. ನನ್ನ ಗುಂಡಿಯನ್ನೂ ಹಾಗೆಯೇ ಎಂದುಕೊಂಡು ತಿರುವಿದಳು. ಮುಳ್ಳು ಅಲುಗಲಿಲ್ಲ. ಒಳಗೆ ಕರ್ ಕರ್ ಎಂದು ಸದ್ದು ಬಂತು. ಇನ್ನೂ ಗಟ್ಟಿಯಾಗಿ ತಿರುವಿದಳು, ಇನ್ನಷ್ಟು ಸದ್ದಾಯಿತು. ಹೆದರಿ ನನ್ನನ್ನು ಜೇಬಿಗೆ ತುರುಕಿದಳು.

ಅಯ್ಯೋ ಮಾರಾಯ್ತಿ, ನೀನು ಕೊಟ್ಟದ್ದು ಚಾವಿ! ನನಗೇನೂ ಆಗಿರಲಿಲ್ಲ. ಆದರೆ ಹೇಳುವುದಕ್ಕೆ ಬಾಯಿ ಎಲ್ಲಿದೆ ನನಗೆ?

ಆದದ್ದು ಅದೇ ದಿನ. ಸ್ಟೇಷನ್ನಿನಲ್ಲಿ ಫಕೀರಪ್ಪ ನನ್ನನ್ನು ಗೋಡೆ ಗಡಿಯಾರದ ಪಕ್ಕಕ್ಕೆ ಹಿಡಿದ. ನಾನು ಎರಡು ನಿಮಿಷ ಮುಂದೆ. ನಾನೇ ಸರಿ ಇದ್ದೆ, ಆ ಗೋಡೆಯ ದಡ್ಡನೇ ತಪ್ಪಿದ್ದ. ಹಿಂದಿನ ದಿನ ತಂತಿ ಬಂದಾಗ ಯಾರೂ ಅವನ ಮುಳ್ಳು ಮುಟ್ಟಿರಲಿಲ್ಲ. ಆದರೂ ಗೋಡೆ ಹೇಳಿದ್ದೇ ಟೈಮಲ್ಲವೇ! ಫಕೀರಪ್ಪ ಕಡ್ಡಿ ಎಳೆದು ನನ್ನನ್ನು ಎರಡು ನಿಮಿಷ ಹಿಂದಕ್ಕೆ ಕೂಡಿಸಿದ. ಪ್ಯಾಸೆಂಜರ್ ಗಾಡಿ ಎರಡು ನಿಮಿಷ ತಡವಾಗಿ ಹೊರಟಿತು. ಮುಂದಿನ ಸ್ಟೇಷನ್ನಿನ ಹೊರಗೆ ಮೇಲ್ ಗಾಡಿ ಅದಕ್ಕಾಗಿ ಸಿಗ್ನಲ್ಲಿನಲ್ಲಿ ಕಾಯಬೇಕಾಯಿತು. ಆ ಮೇಲ್ ಗಾಡಿಯಲ್ಲಿ ಒಬ್ಬ ದೊಡ್ಡ ಸಾಹೇಬರು ಕೂತಿದ್ದರು. ಆಗ ಕೇಳಬೇಕೆ!

ಮಧ್ಯಾಹ್ನ ವಿಚಾರಣೆ. ಅಷ್ಟು ಹೊತ್ತಿಗೆ ಹತ್ತರ ತಂತಿ ಬಂದು ಗೋಡೆ ಗಡಿಯಾರ ಸರಿಯಾಗಿತ್ತು. ತಪ್ಪು ತೋರಿಸುತ್ತಿದ್ದವನು ನಾನೊಬ್ಬನೇ. "ಗ್ವಾಡಿ ನೋಡೇ ಕೂಡಿಸೀನಿ ಸಾಹೇಬ್ರ" ಎಂದು ಫಕೀರಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅವನನ್ನು ಪ್ಯಾಸೆಂಜರಿನಿಂದ ಇಳಿಸಿ ಆರು ವರ್ಷ ಗೂಡ್ಸ್ ಗಾಡಿಗೆ ಹಾಕಿದರು. ಯಾರ್ಡಿನಲ್ಲಿ ಅವನ ಹೆಸರು "ಎರಡ ನಿಮಿಷದ ಫಕೀರಪ್ಪ" ಎಂದಾಯಿತು. ಸಂತೆಯಲ್ಲಿ ನಿಂಬೆವ್ವ ಕಂಡರೆ "ಎರಡ ನಿಮಿಷನ ಹೇಂತಿ" ಎನ್ನುತ್ತಿದ್ದರು.

ಅಂದು ಮನೆಗೆ ಬಂದು ಕೋಟು ತೆಗೆದು ಅವನು ಹೇಳಿದ್ದು ಒಂದೇ ಮಾತು: "ಗಡಿಯಾರ ಕೈ ಕೊಡ್ತು."

ನಿಂಬೆವ್ವ ಒಲೆಯ ಮುಂದೆ ಕೂತವಳು ಏಳಲಿಲ್ಲ. ಅವನು ಹೇಳಿದ್ದು ಗೋಡೆಯದನ್ನು, ಅವಳು ತಿಳಿದದ್ದು ನನ್ನನ್ನು. ಕೆಡಿಸಿದವಳು ತಾನೇ ಎಂದು ಅವಳಿಗೆ ಖಾತ್ರಿಯಾಯಿತು. ಒಂದು ಮಾತು ಬಾಯಿಬಿಟ್ಟಿದ್ದರೆ ಫಕೀರಪ್ಪ ನಕ್ಕು ಕಡ್ಡಿ ತೋರಿಸುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಇವತ್ತು ಹೇಳಲಿಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡಳು, ಆ ನಾಳೆ ಬರಲೇ ಇಲ್ಲ. ಗಂಡ ಹೆಂಡತಿ ಚೆನ್ನಾಗಿಯೇ ಬಾಳಿದರು. ಆದರೆ ಅವನು ನನ್ನನ್ನು ತೆಗೆದಾಗಲೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಇನ್ನೊಂದು ರೊಟ್ಟಿ ತಿನ್ನಿ ಎಂದು ಆಮೇಲೆ ಎಂದೂ ಒತ್ತಾಯ ಮಾಡಲಿಲ್ಲ.

ಫಕೀರಪ್ಪ ತೀರಿಕೊಂಡ ಮೇಲೆ ನನ್ನನ್ನು ನೋಡುವುದೂ ಅವಳಿಗೆ ಆಗದಾಯಿತು. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಾಗ ಸೀರೆಗಳ ಜೊತೆ ನನ್ನನ್ನೂ ಹಾಕಿಬಿಟ್ಟಳು. ಬದಲಿಗೆ ಬಂದದ್ದು ಒಂದು ತಾಟು. ಗಾಡಿ ಬಿಟ್ಟವನ ಬೆಲೆ ನೋಡಿ!

ಅಲ್ಲಿಂದ ಹುಬ್ಬಳ್ಳಿಯ ಗುಜರಿ ಅಂಗಡಿ. ಗುಜರಿಯವನು ಗುಂಡಿ ತಿರುವಿದ, ಮುಳ್ಳು ತಿರುಗಲಿಲ್ಲ. "ಕೆಟ್ಟೈತಿ. ಮ್ಯಾಲಿನ ಬೆಳ್ಳಿ ಕರಗಸಾಕ ಕೊಡೂನು, ಒಳಗಿಂದು ಒಗದ್ರಾತು" ಎಂದು ಬಿರಡೆ, ಬೀಗಗಳ ಡಬ್ಬಿಯಲ್ಲಿ ಎಸೆದ. ಕರಗಿಸುವವನು ಸೋಮವಾರ ಬರುವವನಿದ್ದ. ನಾನು ಜೀವದಾಸೆ ಬಿಟ್ಟೆ.

ಭಾನುವಾರ ಬಂದದ್ದು ಡಾಕ್ಟರ್ ಶಾಲ್ಮಲಾ ಕಿತ್ತೂರ, ಧಾರವಾಡದ ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿ ನೋಡಿ, ಭಾನುವಾರ ಹಳೆಯ ರೈಲ್ವೆ ಗಡಿಯಾರ ಹುಡುಕುವುದು ಅವರ ಹುಚ್ಚು. ಆಗಲೇ ಹನ್ನೊಂದು ಸಿಕ್ಕಿದ್ದವು. ಡಬ್ಬಿಯಲ್ಲಿ ನನ್ನನ್ನು ಕಂಡವರೇ ಗಾಜು ಬಿಚ್ಚಿದರು, ಒಂದರ ಅಂಕಿಯ ಪಕ್ಕ ಉಗುರು ಇಟ್ಟರು, ಕಡ್ಡಿ ಎಳೆದು ಗುಂಡಿ ತಿರುವಿದರು.

ನನ್ನ ಮುಳ್ಳು ತಿರುಗಿತು! ಗುಜರಿಯವನು ಬಾಯಿ ಬಿಟ್ಟುಕೊಂಡು ನಿಂತ. ಆ ಹೊತ್ತಿನ ಸಮಾಧಾನವನ್ನು ಹೇಗೆ ಹೇಳಲಿ? ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಡಾಕ್ಟರರದು ಒಂದು ನೇಮ. ಯಾವ ಗಡಿಯಾರವೇ ಆಗಲಿ, ಯಾರ ಜೇಬಿನಲ್ಲಿತ್ತು ಎಂದು ತಿಳಿಯದೆ ಪೆಟ್ಟಿಗೆಯೊಳಗೆ ಇಡುವುದಿಲ್ಲ. ನನ್ನ ಹಿಂಬದಿಯ ಮುಚ್ಚಳ ತೆಗೆದು, ಹಲ್ಲು ನೋಡುವ ಕನ್ನಡಿ ಹಿಡಿದರು. ಹಿಂದೊಮ್ಮೆ ನನ್ನನ್ನು ರಿಪೇರಿ ಮಾಡಿದ್ದ ಮೌಲಾಸಾಬರು ಸೂಜಿಯಿಂದ ಗೀಚಿದ ಅಕ್ಷರ ಕಂಡವು: "ಫ. ಮು. ಗಾರ್ಡ್, ಕರ್ಜಿಕೊಪ್ಪ." ಅಲ್ಲಿಯ ಪಿಂಚಣಿದಾರರನ್ನು ಕೇಳಿದ ಕೂಡಲೇ ಒಬ್ಬರು, "ಓ, ನಮ್ಮ ಎರಡ ನಿಮಿಷದ ಫಕೀರಪ್ಪಂದು" ಎಂದು ನಕ್ಕು ಮನೆ ತೋರಿಸಿದರು.

ನಿಂಬೆವ್ವ ಈಗ ಬಾಗಿದ ಮುದುಕಿ. ನನ್ನನ್ನು ಕಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದಳು.

"ಬಾಯಾರ, ಅದನ್ನ ಒಳಗ ತರಬ್ಯಾಡ್ರಿ. ಅದನ್ನ ಕೆಡಿಸಿದಾಕಿ ನಾನ."

ನಲವತ್ತು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಗುರುತಿಲ್ಲದ ಹೆಂಗಸಿನ ಮುಂದೆ ಹೊಸ್ತಿಲ ಮೇಲೆಯೇ ಆಡಿ ಮುಗಿಸಿದಳು. ರೊಟ್ಟಿ, ಗುಂಡಿ, ಕರ್ ಕರ್ ಸದ್ದು, ಗೂಡ್ಸ್ ಗಾಡಿ, ಎಲ್ಲವನ್ನೂ.

ಡಾಕ್ಟರ್ ನನ್ನನ್ನು ಅವಳ ಕೈಗೆ ಕೊಟ್ಟರು. "ಅಮ್ಮಾರ, ಆವತ್ತು ತಿರುವಿದ್ರಲ್ಲ, ಹಂಗ ಈಗೊಮ್ಮೆ ತಿರುವ್ರಿ."

ಅವಳು ಹೆದರುತ್ತ ತಿರುವಿದಳು. ಕರ್ ಕರ್.

"ಮುಳ್ಳು ಅಳ್ಳಾಡಿತೇನ್ರಿ?"

"ಇಲ್ಲ."

"ಅಳ್ಳಾಡೂದಿಲ್ರಿ. ಈ ಕಡ್ಡಿ ಎಳೀದ ಯಾರಿಂದನೂ ಆಗೂದಿಲ್ಲ. ಆವತ್ತು ನೀವು ಚಾವಿ ಕೊಟ್ಟೀರಿ, ಅಷ್ಟ. ಗಂಡಗ ಊಟ ಹಾಕಾಕ ಹೋಗಿ ಗಡಿಯಾರಕ್ಕ ಊಟ ಹಾಕೀರಿ!"

ನಿಂಬೆವ್ವ ನನ್ನನ್ನೇ ನೋಡುತ್ತ ನಿಂತಳು. "ಹಂಗಾರ ಆ ಎರಡ ನಿಮಿಷ?"

"ಅದು ನನಗ ಗೊತ್ತಿಲ್ರಿ. ಗಾರ್ಡುಗಳು ಸ್ಟೇಷನ್ನಿನ ಗ್ವಾಡಿ ಗಡಿಯಾರ ನೋಡೇ ಟೈಮು ಕೂಡಸ್ತಿದ್ರು, ಅದರದ್ದ ಇರಬೇಕು. ನಿಮ್ಮದಂತೂ ಅಲ್ಲ."

ಹೌದು, ಗೋಡೆಯದೇ! ನಾನು ಎಷ್ಟು ಜೋರಾಗಿ ಟಿಕ್ ಟಿಕ್ ಎಂದೆನೋ!

"ಅಂವಂದೂ ಅಲ್ಲ, ನಂದೂ ಅಲ್ಲ" ಎಂದು ನಿಂಬೆವ್ವ ಮೆಲ್ಲಗೆ ಹೇಳಿದಳು. ಇನ್ನೊಂದು ಸಲ ಹೇಳಿದಳು. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ನಗತೊಡಗಿದಳು. ನಗು ನಿಂತ ಮೇಲೆ ಕಡ್ಡಿ ಎಲ್ಲಿದೆ ಎಂದು ಕೇಳಿದಳು. ಡಾಕ್ಟರ್ ಗಾಜು ಬಿಚ್ಚಿಕೊಟ್ಟರು. ನಿಂಬೆವ್ವ ಉಗುರಿನಿಂದ ಕಡ್ಡಿ ಎಳೆದು, ಗುಂಡಿ ಹಿಡಿದು, ನನ್ನ ಮುಳ್ಳನ್ನು ಸರಿಯಾಗಿ ಹತ್ತು ನಿಮಿಷ ಹಿಂದಕ್ಕೆ ತಿರುವಿದಳು.

"ಈಗ ಕುಂದರ್ರಿ" ಎಂದಳು, ಗೋಡೆಯ ಮೇಲಿನ ಫಕೀರಪ್ಪನ ಫೋಟೋ ನೋಡಿ. "ಇನ್ನೊಂದ ರೊಟ್ಟಿ ತಿನ್ರಿ."

ಡಾಕ್ಟರ್ ನನ್ನನ್ನು ಅಲ್ಲೇ ಬಿಟ್ಟುಹೋದರು. ಅವರ ಪೆಟ್ಟಿಗೆಯಲ್ಲಿ ಹನ್ನೆರಡನೆಯ ಗೂಡು ಖಾಲಿಯೇ ಇದೆಯಂತೆ. ನಾನೀಗ ಅಡುಗೆಮನೆಯ ಗೋಡೆಯ ಮಾಡದಲ್ಲಿ, ರೊಟ್ಟಿ ಬುಟ್ಟಿಯ ಪಕ್ಕ ಇದ್ದೇನೆ. ದಿನಾ ಬೆಳಿಗ್ಗೆ ಹಂಚು ಒಲೆಗೇರುವ ಮೊದಲು ನಿಂಬೆವ್ವ ಹೆದರದೆ ಕರ್ ಕರ್ ಎಂದು ಚಾವಿ ಕೊಡುತ್ತಾಳೆ. ಒಂದು ನಿಮಿಷ ಆಚೀಚೆ ಆದರೆ ಮಾನ ಹೋಯಿತೆಂದು ಬದುಕಿದವನು ನಾನು, ಈಗ ಹತ್ತು ನಿಮಿಷ ಹಿಂದಿದ್ದೇನೆ. ಯಾವ ಗಾಡಿಯೂ ಕಾಯುತ್ತಿಲ್ಲ. ಯಾರೂ ವಿಚಾರಣೆಗೆ ಕರೆಯುವುದಿಲ್ಲ.