ಮೂರನೇ ಕೈ

ಹನುಮವ್ವನ ಬಲಗೈಯ ಎರಡು ಬೆರಳು ಹೋದವು. "ನನ್ನದೇ ಅಜಾಗರೂಕತೆಯಿಂದ" ಎಂದು ಬರೆದ ಕಾಗದಕ್ಕೆ ಅದೇ ಕೈಯ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರುದಿನ ಅವಳ ಬೆರಳು ತಿಂದ ಆ ಡ್ರಿಲ್ಲಿಂಗ್ ಮಿಷನ್ನಿನ ಮುಂದೆ ನನ್ನನ್ನು ನಿಲ್ಲಿಸಿದರು. ತೂತು ಬೀಳುವ ಕೊನೆಯ ಗಳಿಗೆಯಲ್ಲಿ ಅದರ ಮೊನೆ ತಗಡನ್ನು ಕಚ್ಚಿ ಗರ್ರನೆ ತಿರುಗಿಸಿಬಿಡುತ್ತದೆ. ಆ ತಗಡನ್ನು ಬರಿಗೈಯಲ್ಲಿ ಅದುಮಿಕೊಂಡಿರಬೇಕು. ಮೇಸ್ತ್ರಿ ಗುರುಪಾದಪ್ಪನ ಬಾಯಲ್ಲಿ ನಮಗೆಲ್ಲ ಇದ್ದದ್ದು ಒಂದೇ ಮಾತು: "ಹಿಡಿ." ಅದು ಕಿವಿಗೆ ಬಿದ್ದರೆ ಸಾಕು, ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಬುತ್ತಿ ಬಿಚ್ಚಿದಾಗಲೂ ಹತ್ತೂ ಇವೆಯೇ ಎಂದು ನೋಡಿಕೊಳ್ಳುತ್ತಿದ್ದೆ.

"ಏನ್ ತಂಗಿ, ಪೂರಾ ಇದಾವೋ?" ವೆಲ್ಡರ್ ದಸ್ತಗೀರಣ್ಣ ನಕ್ಕ. ನಾನು ಅತ್ತುಬಿಟ್ಟೆ.

ಊಟದ ಬಿಡುವಿನಲ್ಲಿ ಅವನು ಗುಜರಿ ರಾಶಿ ಕೆದಕಿ ಕಬ್ಬಿಣದ ಪಟ್ಟಿಯ ಮೂರು ತುಂಡು, ಒಂದು ಉದ್ದನೆಯ ಬೋಲ್ಟು, ಅದರ ನಟ್ಟು ಆರಿಸಿದ. ತುಂಡುಗಳನ್ನು ಬಾಯ್ದೆರೆದ ದವಡೆಯಂತೆ ಬೆಸೆದ.

"ನಟ್ಟು ಬೆಸೆಯುವಾಗ ಬೋಲ್ಟು ಒಳಗೇ ಇರಬೇಕು. ಇಲ್ಲಾಂದ್ರೆ ಸೊಟ್ಟ ಕೂರ್ತದೆ, ಬಿಗಿ ಬರಲ್ಲ. ತಗೋ, ನಿನ್ನ ಮೂರನೇ ಕೈ. ಇದಕ್ಕೆ ಬೆರಳೇ ಇಲ್ಲ, ಹೋಗೋ ಭಯಾನೂ ಇಲ್ಲ."

ಆ ಕ್ಲಾಂಪಿನಿಂದ ತಗಡನ್ನು ಮಿಷನ್ನಿನ ಮೇಜಿಗೆ ಬಿಗಿದು ತೂತು ಹಾಕಿದೆ. ಮೊನೆ ಕಚ್ಚಿತು, ಮಿಷನ್ನು ನರಳಿತು, ತಗಡು ಮಿಸುಕಲಿಲ್ಲ.

ಮೂರನೆಯ ದಿನ ಗುರುಪಾದಪ್ಪ ಬೆನ್ನ ಹಿಂದೆ ಬಂದು ನಿಂತ.

"ಏನಮ್ಮಾ ಇದು ಶೃಂಗಾರ? ನೀನು ಬಿಗಿದು ಬಿಚ್ಚೋದ್ರೊಳಗೆ ಹತ್ತು ತೂತು ಆಗ್ತಿತ್ತು. ತೆಗಿ. ನಾಳೆಯಿಂದ ಬರೋದು ಬೇಡ ಅನ್ನಿಸ್ಕೋಬೇಡ."

ಬೋಲ್ಟಿನ ಮೇಲೆ ಕೈಯಿಟ್ಟೆ. ಸುಳ್ಳೇಕೆ, ತೆಗೆಯುವುದಕ್ಕೇ ಇಟ್ಟಿದ್ದೆ.

"ಹಂಗೆ ಬಾ ದಾರಿಗೆ. ಓದಿದೋಳು ನೀನು, ಹನುಮವ್ವನಂಥ ದಡ್ಡಿ ಅಲ್ಲ."

ಓದಿದವಳು ನಾನೇ. ಆ ಕಾಗದವನ್ನು ಹನುಮವ್ವನಿಗೆ ಓದಿ ಹೇಳಲು ಕರೆಸಿದ್ದು ನನ್ನನ್ನೇ. "ಏನೈತವ್ವಾ ಅದರಾಗೆ?" ಎಂದು ಅವಳು ಕೇಳಿದಾಗ ಮೇಸ್ತ್ರಿಯ ಮುಖ ನೋಡಿ, "ಆಸ್ಪತ್ರೆಗೆ ಸೇರಿಸ್ತಾರಂತೆ, ಒತ್ತು" ಎಂದಿದ್ದೆ. ಬಟ್ಟೆ ಸುತ್ತಿದ ಅವಳ ಕೈ ನಡುಗಿ ಹೆಬ್ಬೆಟ್ಟು ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ಗುರುಪಾದಪ್ಪ ನನ್ನತ್ತ ನೋಡಿ, "ಹಿಡಿ" ಎಂದಿದ್ದ.

ಹಿಡಿದಿದ್ದೆ.

"ಕಿವಿ ಕೇಳಲ್ವಾ? ಹಿಡಿ!" ಈಗ ಬೆನ್ನ ಹಿಂದಿನಿಂದ ಗದರಿದ.

"ಹಿಡಿಯಲ್ಲ" ಎಂದೆ. ಹತ್ತೂ ಬೆರಳುಗಳಿಂದ ಆ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದೆ.