ಕಾಯುವ ಆಟ

ಒದ್ದೆ ಹಾಸುಬಟ್ಟೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಅವಳು ಹಿಂಡುತ್ತಿದ್ದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೈ ಬಿಟ್ಟಳು. ಹುರಿಗೊಂಡಿದ್ದ ಬಟ್ಟೆಯೆಲ್ಲ ಬಿಚ್ಚಿಕೊಂಡು ಬಚ್ಚಲಿಗೆ ಬಿತ್ತು.

ಬಂದವರು ಗಂಡನ ಅಣ್ಣ, ಕನ್ನಡಕದ ಅಂಗಡಿಯವರು.

"ವ್ಯಾನಿನವರು ದಾರೀಲಿದ್ದಾರೆ. ತಯಾರಾಗಿದ್ದಾನಾ ನಮ್ಮ ಆಮೆ?"

"ಮೆಲ್ಲಗೆ ಮಾತಾಡಿ ಭಾವ. ಕಿವಿ ಚೆನ್ನಾಗೇ ಕೇಳುತ್ತೆ."

"ಕೇಳಲಿ ಬಿಡು. ಎದ್ದು ಬಂದು ಹೊಡೀತಾನಾ?"

ಗಂಡ ಟೈಲರ್. ಲಕ್ವ ಹೊಡೆದ ದಿನ ಕೈಕಾಲುಗಳ ಜೊತೆಗೆ ನಾಲಿಗೆಯೂ ಹೋಯಿತು. ಉಳಿದದ್ದು ಎಡಗೈಯ ಒಂದು ಬೆರಳು, ಅದೂ ಬಸವನಹುಳುವಿನ ಹಾಗೆ. ಅವನನ್ನು ಎತ್ತಿ, ಒರೆಸಿ, ಮಗ್ಗುಲು ಬದಲಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಆರೈಕೆ ಕೇಂದ್ರಕ್ಕೆ ಸೇರಿಸೋಣ, ಅವನಿಗೆ ಏನು ಗೊತ್ತಾಗುತ್ತೆ, ಅವನಿಗೆ ಮನೆಯೂ ಒಂದೇ ಆ ಕೇಂದ್ರವೂ ಒಂದೇ ಎಂದು ಭಾವ ಫೋನಿನಲ್ಲಿ ಹೇಳಿದಾಗ ಅವಳು "ಹೂಂ" ಅಂದಿದ್ದಳು.

ಅವನಿಗೆ ಎಲ್ಲ ಗೊತ್ತಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು.

ಮಗಳು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಅಪ್ಪ ಎಲ್ಲೂ ಹೋಗಲ್ಲ ದೊಡ್ಡಪ್ಪ. ಅವರ ತಲೆ ನೆಟ್ಟಗಿದೆ. ನನ್ನ ಜೊತೆ ಯುದ್ಧದಾಟ ಆಡ್ತಾರೆ."

"ಆ ಓಬೀರಾಯನ ಕಾಲದ ಆಟಾನಾ? ನಾನು ಹೊಸದು ತಂದುಕೊಟ್ಟಿದ್ದೆನಲ್ಲ."

"ಅದರಲ್ಲಿ ಅಪ್ಪ ಬೆರಳು ಎತ್ತೋದರೊಳಗೆ ಸತ್ತಿರ್ತಾರೆ. ನೀವು ಹೊಟ್ಟೆ ಹಿಡ್ಕೊಂಡು ನಕ್ಕಿರಿ. ಇದು ಕಾಯುತ್ತೆ ದೊಡ್ಡಪ್ಪ. ಅಪ್ಪ ಒಂದು ಸರದಿಗೆ ಬೆಳಗಿಂದ ಮಧ್ಯಾಹ್ನ ಮಾಡಿದರೂ ಸುಮ್ಮನೆ ಕಾಯುತ್ತೆ. ನಾನು ಶಾಲೆಯಿಂದ ಬರೋ ಹೊತ್ತಿಗೆ ನನ್ನ ಎರಡು ಊರು ಹೋಗಿರುತ್ತೆ."

ಅದು ನಿಜ. ಕಂಪ್ಯೂಟರಿನ ಮುಂದೆ ಕೂರಿಸಿದರೆ ಅವನ ಕಣ್ಣಿಗೆ ಹಳೆಯ ಕಳೆ ಬರುತ್ತಿತ್ತು. ಬಟ್ಟೆ ಹಾಸಿ, ಕತ್ತರಿ ಹಿಡಿದು, ಕತ್ತರಿಸದೆ ನಿಂತಿರುತ್ತಿದ್ದನಲ್ಲ, ಆ ಕಳೆ. ಲಕ್ವಕ್ಕೆ ಮುಂಚೆಯೇ ಆಟಕ್ಕೂ ತನ್ನ ಹೊಲಿಗೆ ಅಂಗಡಿಯ ನಿಯಮವನ್ನೇ ಮಗಳಿಗೆ ಕಲಿಸಿದ್ದ: ಕತ್ತರಿಸಿದ ಬಟ್ಟೆಯ ಹಾಗೆ, ಸರದಿ ಬಿಟ್ಟುಕೊಟ್ಟ ಮೇಲೆ ಮುಗಿಯಿತು, ಹಿಂದಕ್ಕೆ ಹೋಗುವಂತಿಲ್ಲ. ಸರದಿ ಬಿಡುವುದು ಕೀಬೋರ್ಡಿನ ಕೆಳಗಿನ ಉದ್ದ ಕೀಲಿಯಿಂದ. ಧೂಳು ಒರೆಸುವಾಗೆಲ್ಲ ಮಗಳು ಕೂಗಿ ಹೇಳುತ್ತಿದ್ದಳು, "ಅಮ್ಮಾ, ಉದ್ದದ್ದು ಮುಟ್ಟಬೇಡ."

"ಸರಿ," ಎಂದು ಭಾವ ಒಳಗೆ ಬಂದು, ಕಂಪ್ಯೂಟರಿನ ಮುಂದೆ ಕೂತಿದ್ದ ತಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ನನ್ನೆದುರು ಒಂದು ಸರದಿ ನೆಟ್ಟಗೆ ಆಡಲಿ. ವ್ಯಾನು ವಾಪಸ್ ಕಳಿಸ್ತೀನಿ. ಆಯ್ತಾ?"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

ಪರದೆಯ ಮೇಲೆ ನದಿ, ನದಿಗೊಂದು ಸೇತುವೆ, ಈಚೆ ದಡದಲ್ಲಿ ಅಪ್ಪನ ನೀಲಿ ಊರು. ಆಚೆ ಮಗಳ ಕೆಂಪು ಕುದುರೆಗಳು. ಈಟಿ ಹಿಡಿದವರನ್ನು ಸೇತುವೆಗೆ ತಂದು ನಿಲ್ಲಿಸಿದರೆ ಊರು ಉಳಿಯುತ್ತದೆ. ಎಂದೂ ಆಡದವರಿಗೂ ಅಷ್ಟು ಕಾಣುತ್ತಿತ್ತು.

ಬೆರಳು ಎದ್ದಿತು. ಮೌಸಿನ ಬಾಣದ ಗುರುತು ತೆವಳಿಕೊಂಡು ಹೋಗಿ ಮೊದಲು ದೋಣಿಯನ್ನು ನಡೆಸಿತು.

"ಮನೆಗೆ ಬೆಂಕಿ ಬಿದ್ದಿದೆ, ಇವನು ದೋಣಿವಿಹಾರಕ್ಕೆ ಹೊರಟ," ಅಂದರು ಭಾವ.

"ಮುಖ್ಯವಾದದ್ದನ್ನ ಅಪ್ಪ ಕೊನೇಲಿ ಆಡೋದು. ನೋಡ್ತಿರಿ."

ಆಮೇಲೆ ಬಿಲ್ಲುಗಾರ. ಗಂಡನ ಹಣೆಯಲ್ಲಿ ಬೆವರು ಮೂಡಿತ್ತು. ಹೊರಗೆ ವ್ಯಾನು ಬಂದು ನಿಂತು ಎರಡು ಸಲ ಹಾರನ್ ಮಾಡಿತು. ಬಾಣದ ಗುರುತು ಈಟಿ ಹಿಡಿದವರ ಕಡೆಗೆ ತಿರುಗಿತು. ಮಗಳು ಉಸಿರು ಬಿಗಿಹಿಡಿದಿದ್ದಳು. ಅಮ್ಮನಿಗೆ ಬಚ್ಚಲಲ್ಲಿ ಬಿದ್ದಿದ್ದ ಹಾಸುಬಟ್ಟೆ ನೆನಪಾಯಿತು. ನಾಳಿನದು, ನಾಡಿದ್ದಿನದು, ಅದರ ಮುಂದಿನದು. ಬಾಣದ ಗುರುತು ಇನ್ನೇನು ತಲುಪಬೇಕು.

"ಎಷ್ಟು ಧೂಳು ನೋಡಿ," ಎಂದು ಅವಳು ಬಾಗಿ ಕೀಬೋರ್ಡಿನ ಮೇಲೆ ಬಟ್ಟೆ ಆಡಿಸಿದಳು.

ಪರದೆ ಕೆಂಪಾಯಿತು. ಮಗಳ ಸರದಿ. ಸೇತುವೆ ಬರಿದು.

"ನೋಡಿದೆಯಾ? ಸೇತುವೆ ಕಾಯಬೇಕು ಅಂತ ನಂಗೇ ಹೊಳೀತು, ಇವನಿಗೆ ಹೊಳೀಲಿಲ್ಲ," ಭಾವ ಎದ್ದರು.

"ಅಪ್ಪ ಇನ್ನೂ ಮುಗಿಸಿರಲಿಲ್ಲ..."

"ನಿಮ್ಮದೇ ನಿಯಮ ಅಲ್ವೇನಮ್ಮಾ? ಹಿಂದಕ್ಕೆ ಹೋಗೋ ಹಾಗಿಲ್ಲ."

ವ್ಯಾನಿನ ಹುಡುಗರಿಬ್ಬರು ಕುರ್ಚಿಯ ಸಮೇತ ಅವನನ್ನು ಎತ್ತಿದರು. ಅವನು ಅಣ್ಣನನ್ನು ನೋಡಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದ. ಹೊಸ್ತಿಲು ದಾಟುವವರೆಗೂ ನೋಡುತ್ತಲೇ ಇದ್ದ. ವ್ಯಾನಿನ ಬಳಿ ಅವಳು ಅವನ ಅಂಗಿಯ ಗುಂಡಿ ಹಾಕಿ, ಕೂದಲು ಸವರಿ, "ಭಾನುವಾರ ಬರ್ತೀವಿ," ಅಂದಳು. ಬೆರಳು ಅವಳ ಸೀರೆಯ ಅಂಚಿಗೆ ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡಳು.

ವ್ಯಾನು ಹೋಯಿತು. ಭಾವನೂ ಹೋದರು. ಅವಳು ಬಚ್ಚಲಿಗೆ ಹೋಗಿ ಹಾಸುಬಟ್ಟೆ ಹಿಂಡಿ, ಒಣಹಾಕಿ ಬಂದಳು. ಮಗಳು ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಕೆಂಪು ಕುದುರೆಗಳು ಸೇತುವೆಯ ಆಚೆ ಹಾಗೇ ನಿಂತಿದ್ದವು. ಆಟ ಕಾಯುತ್ತಿತ್ತು.

"ಆಡು ಪುಟ್ಟಿ. ನಿನ್ನದೇ ಸರದಿ. ಗೆದ್ದುಬಿಡ್ತೀಯಲ್ಲ."

ಮಗಳು ಕೀಲಿ ಮುಟ್ಟಲಿಲ್ಲ. ತಿರುಗಿ, ಮೊದಲು ಆ ಒರೆಸುವ ಬಟ್ಟೆಯನ್ನು, ಆಮೇಲೆ ಅಮ್ಮನನ್ನು ನೋಡಿದಳು.

"ಉದ್ದದ್ದು ಮುಟ್ಟಬಾರದು ಅಂತ ನಿಂಗೆ ಗೊತ್ತಿತ್ತಲ್ಲಮ್ಮ. ಬೇಕು ಅಂತಲೇ ಒತ್ತಿದೆಯಾ?"